ಹಡಗಿನ ಬಾಡಿಗೆ ಬಿಲ್ಲಿನಲ್ಲಿ ‘ಕಡಿಮೆ ಗಂಧಕದ ಇಂಧನ’ದ ಶುಲ್ಕ: ಈ ನಿಯಮ ಏನು, ಇದರಿಂದ ಗಾಳಿ ನಿಜಕ್ಕೂ ಶುದ್ಧವಾಗುತ್ತದೆಯೇ?

ಪ್ರಶ್ನೆ: ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನ ನಾವು ಹನ್ನೊಂದು ಮಂದಿ ಸಣ್ಣ ಬೆಳೆಗಾರರು ಒಟ್ಟುಗೂಡಿ, ನಮ್ಮ ರೊಬಸ್ಟಾ ಕಾಫಿಯ ಪಾರ್ಚ್‌ಮೆಂಟನ್ನು (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜವನ್ನು) ಚಿಕ್ಕಮಗಳೂರಿನಲ್ಲಿ ಕ್ಯೂರಿಂಗ್ ಮಾಡಿಸಿ, ಅಂದರೆ ಹೊಟ್ಟು ತೆಗೆಸಿ ವಿಂಗಡಿಸಿ, ಕಳೆದ ಎರಡು ಹಂಗಾಮಿನಿಂದ ನೇರವಾಗಿ ಇಟಲಿಯ ಟ್ರಿಯೆಸ್ಟೆ ಬಂದರಿಗೆ ಕಳುಹಿಸುತ್ತಿದ್ದೇವೆ. ಇಪ್ಪತ್ತು ಅಡಿಯ ಒಂದು ಕಂಟೇನರ್, ಅದರಲ್ಲಿ ಅರವತ್ತು ಕಿಲೋ ತೂಕದ 320 ಚೀಲ. ಅಷ್ಟೇ ನಮ್ಮ ವ್ಯಾಪಾರ. ಸಾಮಾನ್ಯವಾಗಿ ನಮ್ಮ ಕಡೆಯವರು ಸರಕನ್ನು ಮಂಗಳೂರಿನಲ್ಲಿ ಹಡಗಿಗೆ ಏರಿಸಿಕೊಡುವವರೆಗೆ ಮಾತ್ರ ಹೊಣೆ ಹೊರುತ್ತಾರೆ. ನಾವು ಸ್ವಲ್ಪ ಹೆಚ್ಚು ದರ ಸಿಗುತ್ತದೆಂದು ಖರೀದಿದಾರರ ಬಂದರಿನವರೆಗೂ ಸಾಗಾಟದ ವೆಚ್ಚ ನಮ್ಮದೇ ಎಂಬ ಕರಾರಿಗೆ ಒಪ್ಪಿಕೊಂಡಿದ್ದರಿಂದ, ಹಡಗಿನ ಬಾಡಿಗೆಯ ಒಂದೊಂದು ಸಾಲೂ ನಮ್ಮ ಕೈಯಿಂದಲೇ ಹೋಗುತ್ತದೆ.

ಈ ಸಲದ ಬಿಲ್ಲಿನಲ್ಲಿ ಮೂಲ ಬಾಡಿಗೆಯ ಕೆಳಗೆ ಮೂರು ಹೊಸ ಸಾಲುಗಳು ಬಂದಿವೆ. ಇಂಧನ ಹೊಂದಾಣಿಕೆ ಶುಲ್ಕ ಒಂದು, ಕಡಿಮೆ ಗಂಧಕದ ಇಂಧನದ ಶುಲ್ಕ ಇನ್ನೊಂದು, ಹೊರಸೂಸುವಿಕೆ ಶುಲ್ಕ ಮತ್ತೊಂದು. ಏಜೆಂಟರನ್ನು ಕೇಳಿದರೆ, ‘ಅಂತರರಾಷ್ಟ್ರೀಯ ಕಾನೂನು, ಎಲ್ಲರೂ ಕೊಡಲೇಬೇಕು’ ಎಂಬ ಒಂದೇ ಉತ್ತರ. ಕೊಡುವುದಕ್ಕೆ ನಮ್ಮ ತಕರಾರಿಲ್ಲ. ಯಾತಕ್ಕಾಗಿ ಕೊಡುತ್ತಿದ್ದೇವೆಂದು ತಿಳಿಯಬೇಕು. ಈ ಕಾನೂನು ಯಾವುದು? ಹಡಗಿನವರು ಮೊದಲು ಏನನ್ನು ಸುಡುತ್ತಿದ್ದರು, ಈಗ ಏನನ್ನು ಸುಡುತ್ತಾರೆ? ನಡುಗಡಲಿನಲ್ಲಿ ಅದನ್ನು ಪಾಲಿಸುತ್ತಾರೆಂದು ನೋಡುವವರು ಯಾರು? ಇದೆಲ್ಲ ನಮ್ಮ ಮಂಗಳೂರಿನ ಪಣಂಬೂರು ಬಂದರಿನಲ್ಲಿ ನಿಲ್ಲುವ ಹಡಗುಗಳಿಗೂ ಅನ್ವಯಿಸುತ್ತದೆಯೇ, ಅಥವಾ ಯುರೋಪಿನ ಗಾಳಿಗೆ ಮಾತ್ರವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಸಕಲೇಶಪುರದ ನಿವೃತ್ತ ಮೆರೈನ್ ಎಂಜಿನಿಯರ್

ಮೂಡಿಗೆರೆಯವರಿಗೆ ನಮಸ್ಕಾರ. ಇಪ್ಪತ್ತೇಳು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ಈಗ ಊರಿಗೆ ಮರಳಿ ತೋಟ ನೋಡಿಕೊಂಡಿರುವ ನನಗೆ ನಿಮ್ಮ ಪ್ರಶ್ನೆ ಬಹಳ ಹತ್ತಿರದ್ದು. ನಾನು ಮೊದಲ ಹಡಗು ಕಂಡದ್ದೇ ಪಣಂಬೂರಿನಲ್ಲಿ. ನಿಮ್ಮ ಜಿಲ್ಲೆಯ ಕುದುರೆಮುಖದಿಂದ 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಿನ ರೂಪದಲ್ಲಿ ಘಟ್ಟ ಇಳಿದು ಬರುತ್ತಿದ್ದ ಕಬ್ಬಿಣದ ಅದಿರನ್ನು ತುಂಬಿಕೊಳ್ಳಲು ನಿಂತಿದ್ದ ಹಡಗು ಅದು. ಅದರ ಚಿಮಣಿಯಿಂದ ಏಳುತ್ತಿದ್ದ ಕಂದು ಹೊಗೆಯನ್ನು ಆಗ ನಾನು ಶಕ್ತಿಯ ಗುರುತೆಂದು ತಿಳಿದು ನೋಡುತ್ತ ನಿಂತಿದ್ದೆ. ಒಳಗೆ ಹೋಗಿ ಕೆಲಸ ಮಾಡಿದ ಮೇಲೆ ಅದು ಏನೆಂದು ಗೊತ್ತಾಯಿತು.

ಕಚ್ಚಾ ತೈಲದಿಂದ ಅಡುಗೆ ಅನಿಲ, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲವನ್ನೂ ತೆಗೆದುಕೊಂಡ ಮೇಲೆ ತಳದಲ್ಲಿ ಉಳಿಯುವ ಗಷ್ಟೇ ಹಡಗಿನ ಭಾರ ಎಣ್ಣೆ. ತಣ್ಣಗಿರುವಾಗ ಅದು ಚಳಿಗಾಲದ ಜೋನಿಬೆಲ್ಲಕ್ಕಿಂತ ಗಟ್ಟಿ, ಪಂಪಿಗೆ ಸಿಗುವುದಿಲ್ಲ. ಆದ್ದರಿಂದ ಟ್ಯಾಂಕಿನೊಳಗೆ ಹಬೆಯ ಕೊಳವೆಗಳನ್ನು ಹಾಯಿಸಿ ಬೆಚ್ಚಗಿಟ್ಟು, ಪ್ಯೂರಿಫೈಯರ್‌ನಲ್ಲಿ ತಿರುಗಿಸಿ ನೀರು ಮತ್ತು ಕಸವನ್ನು ಬೇರ್ಪಡಿಸಿ, ಎಂಜಿನ್ನಿಗೆ ಸಿಂಪಡಿಸುವ ಮೊದಲು ಸುಮಾರು 130ರಿಂದ 140 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ. ಕಚ್ಚಾ ತೈಲದಲ್ಲಿರುವ ಗಂಧಕದ ಬಹುಪಾಲು ಈ ಗಷ್ಟಿನಲ್ಲಿಯೇ ಉಳಿದುಕೊಳ್ಳುತ್ತದೆ. ಅದು ಉರಿದಾಗ ಗಂಧಕದ ಡೈಆಕ್ಸೈಡ್ ಆಗುತ್ತದೆ. ಅದರ ಒಂದು ಭಾಗ ಸಿಲಿಂಡರಿನೊಳಗೆಯೇ ತೇವದೊಡನೆ ಸೇರಿ ಗಂಧಕಾಮ್ಲವಾಗುತ್ತದೆ. ನಾವು ತೋಟದ ಮಣ್ಣಿನ ಹುಳಿ ಇಳಿಸಲು ಸುಣ್ಣ ಕೊಡುವಂತೆಯೇ, ಆ ಆಮ್ಲವು ಲೋಹವನ್ನು ತಿನ್ನದಿರಲೆಂದು ಕ್ಷಾರವನ್ನು ಬೆರೆಸಿದ ವಿಶೇಷ ಸಿಲಿಂಡರ್ ಎಣ್ಣೆಯನ್ನು ಪ್ರತಿ ಸುತ್ತಿಗೂ ಸುರಿಯುತ್ತಿದ್ದೆವು. ಎಂಜಿನ್ನಿನ ಉಕ್ಕನ್ನು ಉಳಿಸಲು ಅಷ್ಟು ಮುತುವರ್ಜಿ ವಹಿಸುತ್ತಿದ್ದ ನಾವು, ಉಳಿದದ್ದನ್ನು ಚಿಮಣಿಯ ಮೂಲಕ ಊರಿನ ಮೇಲೆ ಬಿಡುತ್ತಿದ್ದೆವು. ಬಂದರಿನಲ್ಲಿ ನಿಂತಾಗ ಡೆಕ್ಕಿನ ಮೇಲೆ ಒಣಗಲು ಹಾಕಿದ ಬಿಳಿ ಅಂಗಿಯ ಮೇಲೆ ಸಾಸಿವೆ ಕಾಳಿನಷ್ಟು ಮಸಿಯ ಹನಿ ಬಿದ್ದರೆ, ಒಗೆದ ಮೇಲೆ ಆ ಜಾಗದಲ್ಲಿ ತೂತು ಉಳಿಯುತ್ತಿತ್ತು. ಅಂಥ ಎರಡು ಅಂಗಿಗಳು ಇಂದಿಗೂ ನನ್ನ ಟ್ರಂಕಿನಲ್ಲಿವೆ.

ಈಗ ಕಾನೂನಿನ ವಿಷಯ. ಅದು ಹಡಗು ಕಂಪನಿಗಳು ಕಟ್ಟಿದ ಕಥೆಯಲ್ಲ. ಲಂಡನ್ನಿನಲ್ಲಿ ಕೇಂದ್ರ ಕಚೇರಿಯುಳ್ಳ ಅಂತರರಾಷ್ಟ್ರೀಯ ಸಾಗರ ಸಂಸ್ಥೆ, ಅಂದರೆ ಐಎಂಒ, ವಿಶ್ವಸಂಸ್ಥೆಯ ಅಂಗಸಂಸ್ಥೆ. ಹಡಗುಗಳ ಮಾಲಿನ್ಯ ತಡೆಯಲೆಂದು ಇರುವ ಅದರ ಮಾರ್ಪೋಲ್ ಒಪ್ಪಂದದ ಆರನೆಯ ಅನುಬಂಧವು ಹಡಗುಗಳಿಂದಾಗುವ ವಾಯುಮಾಲಿನ್ಯಕ್ಕೆ ಸಂಬಂಧಿಸಿದ್ದು. 1997ರಲ್ಲಿ ಅಂಗೀಕಾರವಾದ ಈ ಅನುಬಂಧ ಜಾರಿಗೆ ಬಂದದ್ದು 2005ರ ಮೇ ತಿಂಗಳಿನಲ್ಲಿ. ಆಗ ಇಂಧನದಲ್ಲಿ ಗಂಧಕದ ಪ್ರಮಾಣ ಶೇ 4.50ರವರೆಗೆ ಇರಬಹುದಿತ್ತು. 2012ರಲ್ಲಿ ಅದನ್ನು ಶೇ 3.50ಕ್ಕೆ ಇಳಿಸಲಾಯಿತು. 2020ರ ಜನವರಿ 1ರಿಂದ ಜಗತ್ತಿನ ಎಲ್ಲ ಸಮುದ್ರಗಳಲ್ಲಿಯೂ ಶೇ 0.50. ಆ ವರ್ಷದ ಮಾರ್ಚ್ 1ರಿಂದ, ಹೊಗೆ ತೊಳೆಯುವ ಯಂತ್ರವಿಲ್ಲದ ಹಡಗು ಅದಕ್ಕಿಂತ ಹೆಚ್ಚು ಗಂಧಕದ ಎಣ್ಣೆಯನ್ನು ತನ್ನ ಬಳಕೆಗೆಂದು ಟ್ಯಾಂಕಿನಲ್ಲಿ ಇಟ್ಟುಕೊಳ್ಳುವುದೂ ಅಪರಾಧವಾಯಿತು. ಈ ಎರಡನೆಯ ನಿಯಮವೇ ನಿಜವಾದ ಬೀಗ ಎಂದು ನನ್ನ ಅಭಿಪ್ರಾಯ. ಸುಟ್ಟದ್ದನ್ನು ನಡುಗಡಲಿನಲ್ಲಿ ಹಿಡಿಯುವುದು ಕಷ್ಟ. ಟ್ಯಾಂಕಿನಲ್ಲಿ ಇರುವುದನ್ನು ಬಂದರಿನಲ್ಲಿ ಅಳೆಯುವುದು ಸುಲಭ.

ಇದರ ಮೇಲೆ ಇನ್ನೂ ಬಿಗಿಯಾದ ವಲಯಗಳಿವೆ. ಬಾಲ್ಟಿಕ್ ಸಮುದ್ರ, ಉತ್ತರ ಸಮುದ್ರ, ಉತ್ತರ ಅಮೆರಿಕದ ಕರಾವಳಿ, ಅಮೆರಿಕಕ್ಕೆ ಸೇರಿದ ಕೆರಿಬಿಯನ್ ಭಾಗಗಳಲ್ಲಿ 2015ರಿಂದ ಮಿತಿ ಶೇ 0.10. 2025ರ ಮೇ 1ರಿಂದ ಮೆಡಿಟರೇನಿಯನ್ ಸಮುದ್ರವೂ ಈ ಪಟ್ಟಿಗೆ ಸೇರಿದೆ. ನಿಮ್ಮ ಕಾಫಿ ಸೂಯೆಜ್ ಮೂಲಕ ಹೋಗಲಿ, ಆಫ್ರಿಕಾವನ್ನು ಸುತ್ತಿ ಜಿಬ್ರಾಲ್ಟರ್ ಮೂಲಕ ಹೋಗಲಿ, ಟ್ರಿಯೆಸ್ಟೆ ತಲುಪಬೇಕಾದರೆ ಆ ವಲಯವನ್ನು ಹಾಯಲೇಬೇಕು. ಅಲ್ಲಿ ಸುಡಬೇಕಾದದ್ದು ಗ್ಯಾಸ್ ಆಯಿಲ್ ಎಂದು ನಾವು ಕರೆಯುವ, ಡೀಸೆಲ್ಲಿನ ಜಾತಿಯ ದುಬಾರಿ ಎಣ್ಣೆ.

ಎಣ್ಣೆ ಬದಲಿಸುವುದೆಂದರೆ ಒಂದು ಕವಾಟ ಮುಚ್ಚಿ ಇನ್ನೊಂದನ್ನು ತೆರೆಯುವಷ್ಟು ಸರಳವಲ್ಲ. 130 ಡಿಗ್ರಿಯ ಭಾರ ಎಣ್ಣೆಯಿಂದ 40 ಡಿಗ್ರಿಯ ಗ್ಯಾಸ್ ಆಯಿಲಿಗೆ ಒಮ್ಮೆಲೇ ಹಾರಿದರೆ, ಕೂದಲೆಳೆಯಷ್ಟು ಸಂದು ಬಿಟ್ಟು ಕೂಡಿಸಿದ ಇಂಜೆಕ್ಷನ್ ಪಂಪಿನ ಉಕ್ಕು ಕುಗ್ಗಿ ಕಚ್ಚಿಕೊಂಡು, ಹಡಗು ನಡುನೀರಿನಲ್ಲಿ ಎಂಜಿನ್ ಕಳೆದುಕೊಂಡು ನಿಲ್ಲಬಹುದು. ಆದ್ದರಿಂದ ಉಷ್ಣತೆಯನ್ನು ನಿಮಿಷಕ್ಕೆ ಎರಡು ಡಿಗ್ರಿಗಿಂತ ವೇಗವಾಗಿ ಇಳಿಸದೆ, ಹಳೆಯ ಎಣ್ಣೆ ಕೊಳವೆಗಳಿಂದ ಪೂರ್ತಿ ತೊಳೆದುಹೋಗುವವರೆಗೆ ಗಂಟೆಗಟ್ಟಲೆ ಕಾಯಬೇಕು. ಇದೆಲ್ಲ ಮುಗಿದಿರಬೇಕಾದದ್ದು ವಲಯದ ಗಡಿ ದಾಟುವ ಮೊದಲು, ದಾಟಿದ ಮೇಲಲ್ಲ. ಯಾವ ಹೊತ್ತಿಗೆ, ಯಾವ ಅಕ್ಷಾಂಶ ರೇಖಾಂಶದಲ್ಲಿ, ಯಾವ ಟ್ಯಾಂಕಿನಲ್ಲಿ ಎಷ್ಟು ಎಣ್ಣೆ ಇದ್ದಾಗ ಬದಲಾವಣೆ ಮುಗಿಯಿತೆಂದು ಲಾಗ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಎಣ್ಣೆ ತುಂಬಿಸಿಕೊಂಡ ರಸೀದಿಯನ್ನು ಮೂರು ವರ್ಷ ಇಟ್ಟಿರಬೇಕು. ತುಂಬಿಸುವಾಗಲೇ ಮೊಹರು ಮಾಡಿದ ಮಾದರಿಯ ಬಾಟಲಿಯನ್ನು ಕನಿಷ್ಠ ಒಂದು ವರ್ಷ ಕಾಪಾಡಬೇಕು. ಬಂದರಿನ ತಪಾಸಣಾಧಿಕಾರಿ ಹಡಗು ಹತ್ತಿದರೆ ಮೊದಲು ಕೇಳುವುದೇ ಈ ಮೂರನ್ನು. ಡೆನ್ಮಾರ್ಕಿನಲ್ಲಿ ಗ್ರೇಟ್ ಬೆಲ್ಟ್ ಸೇತುವೆಯ ಮೇಲೆಯೇ ಹೊಗೆ ಮೂಸುವ ಉಪಕರಣ ಕೂಡಿಸಿದ್ದಾರೆ. ಕೆಳಗೆ ಹಾದುಹೋಗುವ ಹಡಗು ಯಾವ ಎಣ್ಣೆ ಸುಡುತ್ತಿದೆಯೆಂದು ಅದು ಅಂದಾಜು ಮಾಡುತ್ತದೆ, ಅನುಮಾನ ಬಂದರೆ ಮುಂದಿನ ಬಂದರಿಗೆ ತಿಳಿಸುತ್ತಾರೆ.

ಉತ್ತರ: ಹಾಸನದ ರಸಾಯನಶಾಸ್ತ್ರ ಉಪನ್ಯಾಸಕಿ

ಎಂಜಿನಿಯರ್ ಸರ್ ಹೇಳಿದ ಶೇಕಡಾವಾರು ಅಂಕಿಗಳನ್ನು ಕೇಳಿ ‘ಮೂರೂವರೆ ಎಲ್ಲಿ, ಅರ್ಧ ಎಲ್ಲಿ, ಎರಡೂ ಚಿಕ್ಕವೇ ಅಲ್ಲವೇ’ ಎಂದು ಯಾರಿಗಾದರೂ ಅನ್ನಿಸಬಹುದು. ನನ್ನ ವಿದ್ಯಾರ್ಥಿಗಳಿಗೂ ಹಾಗೆಯೇ ಅನ್ನಿಸುತ್ತದೆ. ಅವರಿಗೆ ಬೋರ್ಡಿನ ಮೇಲೆ ಮಾಡಿ ತೋರಿಸುವ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮ ಹಾಸನದ ಬಂಕುಗಳಿಗೆ ಬರುವ ಡೀಸೆಲ್ ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹಾಸಿರುವ ಸುಮಾರು 362 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗದಲ್ಲಿ ಘಟ್ಟ ಹತ್ತಿ ಬರುತ್ತದೆ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ಮಾನದಂಡ ಜಾರಿಯಲ್ಲಿರುವುದರಿಂದ ಆ ಡೀಸೆಲ್ಲಿನ ಒಂದು ಕಿಲೋದಲ್ಲಿ ಹೆಚ್ಚೆಂದರೆ 10 ಮಿಲಿಗ್ರಾಂ ಗಂಧಕ ಇರಬಹುದು. ಹಡಗಿನ ಹಳೆಯ ಎಣ್ಣೆಯಲ್ಲಿ, ಅಂದರೆ ಶೇ 3.50 ಮಿತಿಯಲ್ಲಿ, ಒಂದು ಕಿಲೋಗೆ 35 ಗ್ರಾಂ; ಅದು ನಮ್ಮ ಜೀಪಿಗೆ ಹಾಕುವ ಡೀಸೆಲ್ಲಿನ ಮೂರೂವರೆ ಸಾವಿರ ಪಟ್ಟು. ಈಗಿನ ಜಾಗತಿಕ ಮಿತಿಯಲ್ಲಿ 5 ಗ್ರಾಂ, ಐನೂರು ಪಟ್ಟು. ಮೆಡಿಟರೇನಿಯನ್ನಿನ ಮಿತಿಯಲ್ಲಿ 1 ಗ್ರಾಂ, ನೂರು ಪಟ್ಟು. ಅತ್ಯಂತ ಬಿಗಿಯಾದ ವಲಯದ ಹಡಗಿನ ಎಣ್ಣೆಯೂ ಲಾರಿಯ ಡೀಸೆಲ್ಲಿಗಿಂತ ನೂರು ಪಟ್ಟು ಗಂಧಕವನ್ನು ಹೊಂದಿರಬಹುದು ಎಂಬುದನ್ನು ದಯವಿಟ್ಟು ಗಮನಿಸಬೇಕು.

ಇನ್ನು ದಿನಕ್ಕೆ 50 ಟನ್ ಎಣ್ಣೆ ಸುಡುವ ಒಂದು ಹಡಗನ್ನು ತೆಗೆದುಕೊಳ್ಳೋಣ. ಗಂಧಕದ ಪರಮಾಣು ತೂಕ 32. ಎರಡು ಆಮ್ಲಜನಕ ಸೇರಿದಾಗ 64 ಆಗುತ್ತದೆ. ಆದ್ದರಿಂದ ಒಂದು ಟನ್ ಗಂಧಕ ಉರಿದರೆ ಎರಡು ಟನ್ ಗಂಧಕದ ಡೈಆಕ್ಸೈಡ್. ಹಳೆಯ ಮಿತಿಯಲ್ಲಿ ಆ ಹಡಗು ದಿನಕ್ಕೆ ಮೂರೂವರೆ ಟನ್ ಅನಿಲ ಬಿಡಬಹುದಿತ್ತು, ಈಗ ಅರ್ಧ ಟನ್, ಬಿಗಿ ವಲಯದಲ್ಲಿ ನೂರು ಕಿಲೋ. ಒಂದು ಹಡಗು, ಒಂದು ದಿನ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ಪ್ರಮಾಣದ ಲೆಕ್ಕದಲ್ಲಿ ಶೇ 80ಕ್ಕಿಂತ ಹೆಚ್ಚು ಸಾಗುವುದು ಸಮುದ್ರದ ಮೇಲೆ. 2020ರ ನಿಯಮದಿಂದ ಹಡಗುಗಳ ಗಂಧಕದ ಆಕ್ಸೈಡುಗಳು ಶೇ 77ರಷ್ಟು, ಅಂದರೆ ವರ್ಷಕ್ಕೆ ಸುಮಾರು 85 ಲಕ್ಷ ಟನ್ ಇಳಿಯುತ್ತವೆಂದು ಐಎಂಒ ಅಂದಾಜಿಸಿದೆ.

ಈ ಅನಿಲ ಬಿಟ್ಟಲ್ಲಿಯೇ ನಿಲ್ಲುವುದಿಲ್ಲ ಎಂಬುದು ಮುಖ್ಯ. ಗಾಳಿಯಲ್ಲಿ ಅದು ನಿಧಾನವಾಗಿ ಸಲ್ಫೇಟ್ ಕಣಗಳಾಗಿ ಮಾರ್ಪಟ್ಟು ನೂರಾರು ಕಿಲೋಮೀಟರ್ ಸಾಗುತ್ತದೆ. ಎರಡೂವರೆ ಮೈಕ್ರಾನಿಗಿಂತ ಚಿಕ್ಕದಾದ ಆ ಕಣಗಳು ಮೂಗಿನಲ್ಲಿ, ಗಂಟಲಿನಲ್ಲಿ ತಡೆಯಲ್ಪಡದೆ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಆಸ್ತಮಾ ಇರುವವರಿಗೆ, ಹೃದ್ರೋಗಿಗಳಿಗೆ, ಮಕ್ಕಳಿಗೆ ಮೊದಲ ಪೆಟ್ಟು. ನಿಯಮವನ್ನು 2020ರಿಂದ 2025ಕ್ಕೆ ಮುಂದೂಡಿದರೆ ಆ ಐದು ವರ್ಷಗಳಲ್ಲಿ ಜಗತ್ತಿನಲ್ಲಿ 5,70,000ಕ್ಕೂ ಹೆಚ್ಚು ಅಕಾಲಿಕ ಸಾವುಗಳು ಹೆಚ್ಚುವರಿಯಾಗಿ ಸಂಭವಿಸಬಹುದೆಂದು 2016ರಲ್ಲಿ ಐಎಂಒ ಮುಂದೆ ಬಂದ ಅಧ್ಯಯನವು ಲೆಕ್ಕ ಹಾಕಿತ್ತು. ಮುಂದೂಡಬಾರದೆಂಬ ತೀರ್ಮಾನ ಆದದ್ದೂ ಅದೇ ವರ್ಷ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಸಲ್ಫೇಟ್ ಕಣಗಳು ಸೂರ್ಯನ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ, ಮೋಡಗಳನ್ನು ಹೆಚ್ಚು ಬಿಳುಪಾಗಿಸುತ್ತವೆ. ಹಡಗುಗಳ ಹಿಂದೆ ಸಮುದ್ರದ ಮೇಲೆ ಗೆರೆ ಎಳೆದಂತೆ ಏಳುತ್ತಿದ್ದ ಬಿಳಿ ಮೋಡದ ಜಾಡುಗಳು 2020ರ ನಂತರ ಉಪಗ್ರಹ ಚಿತ್ರಗಳಲ್ಲಿ ಗಣನೀಯವಾಗಿ ಕಡಿಮೆಯಾಗಿವೆ. ಅಂದರೆ ಆ ಕೊಳಕು ಹೊಗೆ ಭೂಮಿಯ ಬಿಸಿಯ ಸ್ವಲ್ಪ ಭಾಗವನ್ನು ಮರೆಮಾಡುತ್ತಿತ್ತು. ಹೊಗೆ ಇಳಿದಾಗ ಆ ಮರೆ ಸರಿಯಿತು. ಇದನ್ನೇ ಹಿಡಿದು ‘ನಿಯಮವೇ ತಪ್ಪು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬಿಸಿಗೆ ಕಾರಣವಾದ ಇಂಗಾಲದ ಡೈಆಕ್ಸೈಡನ್ನು ಇಳಿಸುವುದು ಬೇರೆಯೇ ಕೆಲಸ, ಅದನ್ನು ಮಾಡಬೇಕು. ಅದು ಆಗುವವರೆಗೂ ಬಂದರಿನ ಪಕ್ಕದ ಮಗು ಗಂಧಕ ಕುಡಿಯುತ್ತಿರಲಿ ಎನ್ನಲಾಗದು.

ಉತ್ತರ: ಬೇಲೂರಿನ ಬೆಳೆಗಾರ

ಮೇಡಂ ಅವರ ಲೆಕ್ಕ ಸರಿಯಾಗಿಯೇ ಇದೆ. ಆದರೂ ನನ್ನದೊಂದು ಆಕ್ಷೇಪಣೆಯಿದೆ. ಐವತ್ತು ಅರವತ್ತು ವರ್ಷ ಈ ಗಷ್ಟನ್ನು ಸುಟ್ಟು ಲಾಭ ಮಾಡಿಕೊಂಡವರು ದೊಡ್ಡ ಹಡಗು ಕಂಪನಿಗಳು ಮತ್ತು ಶ್ರೀಮಂತ ದೇಶಗಳು. ಗಾಳಿ ಶುದ್ಧವಾಗುವುದು ಅವರ ಕರಾವಳಿಯಲ್ಲಿ. ಬಿಲ್ಲು ಬರುವುದು ಮೂರು ಎಕರೆ ತೋಟದವನ ಹೆಸರಿಗೆ. ಕೂಲಿ, ಗೊಬ್ಬರ, ಕಾಳುಮೆಣಸಿನ ಸೊರಗು ರೋಗ, ಕಾಂಡಕೊರಕ, ಕಾಡಾನೆ, ಇವೆಲ್ಲದರ ಜೊತೆಗೆ ಇದೂ ನಮ್ಮ ಹೆಗಲಿಗೇ ಏಕೆ? ಅಲ್ಲದೆ ಹೊಗೆ ತೊಳೆಯುವ ಯಂತ್ರ ಹಾಕಿಕೊಂಡ ಹಡಗುಗಳು ಇಂದಿಗೂ ಹಳೆಯ ಅಗ್ಗದ ಎಣ್ಣೆಯನ್ನೇ ಸುಡುತ್ತವೆಂದು ಕೇಳಿದ್ದೇನೆ. ಅವರೂ ಈ ಶುಲ್ಕ ವಸೂಲು ಮಾಡುತ್ತಾರೆಂದರೆ ಅದು ಅನ್ಯಾಯವಲ್ಲವೇ?

ಉತ್ತರ: ಮಂಗಳೂರಿನಲ್ಲಿ ಸರಕು ರವಾನೆ ಕೆಲಸದಲ್ಲಿರುವ ಅರಸೀಕೆರೆಯವನು

ಶುಲ್ಕದ ಮಟ್ಟಿಗೆ ನಾನು ಉತ್ತರಿಸಬಲ್ಲೆ. ನಿಯಮ ಕಾನೂನಿನದು, ಶುಲ್ಕದ ಮೊತ್ತ ಹಡಗು ಕಂಪನಿಯದು. ಐಎಂಒ ಎಲ್ಲಿಯೂ ‘ಸರಕಿನವರಿಂದ ಇಷ್ಟು ತೆಗೆದುಕೊಳ್ಳಿ’ ಎಂದು ಬರೆದಿಲ್ಲ. ಆದ್ದರಿಂದ ‘ಕಾನೂನು, ಕೊಡಲೇಬೇಕು’ ಎಂಬ ಮಾತು ಅರ್ಧ ಸತ್ಯ.

ಇಂಧನ ಹೊಂದಾಣಿಕೆ ಶುಲ್ಕವೆಂಬುದು ಎಣ್ಣೆಯ ಮಾರುಕಟ್ಟೆ ದರ ಏರಿಳಿದಂತೆ ಮೂರು ತಿಂಗಳಿಗೋ ತಿಂಗಳಿಗೋ ಬದಲಾಗುವಂಥದ್ದು. 2020ರ ನಂತರ ಅನೇಕ ಕಂಪನಿಗಳು ಶೇ 0.50ರ ಎಣ್ಣೆಯ ದರವನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಲೆಕ್ಕ ಹಾಕುತ್ತವೆ. ಬಿಗಿ ವಲಯದಲ್ಲಿ ಸುಡುವ ಗ್ಯಾಸ್ ಆಯಿಲಿನ ವ್ಯತ್ಯಾಸಕ್ಕೆಂದು ಬೇರೆ ಸಾಲು ಹಾಕುವುದೂ ಉಂಟು. ಮೂರನೆಯ ಸಾಲು ಗಂಧಕಕ್ಕೆ ಸಂಬಂಧಿಸಿದ್ದೇ ಅಲ್ಲ. ಅದು ಯುರೋಪಿಯನ್ ಒಕ್ಕೂಟದ ಇಂಗಾಲ ವ್ಯಾಪಾರ ವ್ಯವಸ್ಥೆಯದು. 2024ರಿಂದ ಹಡಗುಗಳೂ ಅದರೊಳಗೆ ಬಂದಿವೆ; 2024ರ ಹೊಗೆಯ ಶೇ 40ಕ್ಕೆ, 2025ರದರ ಶೇ 70ಕ್ಕೆ, 2026ರಿಂದ ಪೂರ್ತಿಗೆ ಅವು ಇಂಗಾಲ ಹೊರಸೂಸುವ ಪರವಾನಗಿ ಕೊಂಡು ಒಪ್ಪಿಸಬೇಕು. ಒಕ್ಕೂಟದ ಹೊರಗಿನ ಬಂದರಿನಿಂದ ಹೋಗುವ ಪ್ರಯಾಣವಾದರೆ ಅರ್ಧ ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಮೂಡಿಗೆರೆಯವರು ನೋಡಬೇಕಾದದ್ದು ಇಷ್ಟು: ಹೊಂದಾಣಿಕೆ ಶುಲ್ಕದ ಆಧಾರ ಯಾವ ಎಣ್ಣೆ ಎಂದು ಲಿಖಿತವಾಗಿ ಕೇಳಿ. ಅದು ಆಗಲೇ ಕಡಿಮೆ ಗಂಧಕದ ಎಣ್ಣೆಯಾಗಿದ್ದರೆ, ಎರಡನೆಯ ಸಾಲು ಮೆಡಿಟರೇನಿಯನ್ ಭಾಗಕ್ಕೆ ಮಾತ್ರ ಇರಬೇಕು, ಇಡೀ ದಾರಿಗೆ ಅಲ್ಲ. ಇಡೀ ದಾರಿಗೆ ಹಾಕಿದ್ದರೆ ಒಂದೇ ಎಣ್ಣೆಗೆ ಎರಡು ಸಲ ಕೊಟ್ಟಂತಾಗುತ್ತದೆ. ನಿಮ್ಮ ಪೆಟ್ಟಿಗೆ ಕೊಲಂಬೊದಂಥ ಬಂದರಿನಲ್ಲಿ ಹಡಗು ಬದಲಿಸುವುದಾದರೆ, ಮೊದಲ ಚಿಕ್ಕ ಹಡಗಿನ ಪಾಲು ಪ್ರತ್ಯೇಕವಾಗಿ ಸೇರಿದೆಯೇ ಎಂಬುದನ್ನೂ ವಿಚಾರಿಸಿ.

ಬೇಲೂರಿನವರು ಹೇಳಿದ ಹೊರೆಯನ್ನು ಕಿಲೋ ಲೆಕ್ಕಕ್ಕೆ ಇಳಿಸಿ ನೋಡುವುದು ಒಳ್ಳೆಯದು. ಗಂಧಕದ ಶುಲ್ಕ ಕಂಟೇನರಿಗೆ 4,000 ರೂಪಾಯಿ ಎಂದು ಇಟ್ಟುಕೊಂಡರೆ, 320 ಚೀಲದ 19,200 ಕಿಲೋಗೆ ಹಂಚಿದಾಗ ಕಿಲೋಗೆ ಸುಮಾರು 21 ಪೈಸೆ ಬೀಳುತ್ತದೆ.

ಉತ್ತರ: ಸಕಲೇಶಪುರದ ನಿವೃತ್ತ ಮೆರೈನ್ ಎಂಜಿನಿಯರ್

ಬೇಲೂರಿನವರ ಎರಡನೆಯ ಮಾತು ನೇರವಾಗಿ ನನ್ನ ಕ್ಷೇತ್ರದ್ದು, ಮತ್ತು ಅದರಲ್ಲಿ ಹುರುಳಿದೆ. ಹೊಗೆ ತೊಳೆಯುವ ಯಂತ್ರವನ್ನು ಸ್ಕ್ರಬ್ಬರ್ ಎನ್ನುತ್ತಾರೆ. ಚಿಮಣಿಯೊಳಗೆ ಗೋಪುರದಂಥ ಒಂದು ಕೋಣೆ. ಮೇಲಿನಿಂದ ಸಮುದ್ರದ ನೀರು ಮಳೆಯಂತೆ ಸುರಿಯುತ್ತದೆ, ಕೆಳಗಿನಿಂದ ಹೊಗೆ ಏರುತ್ತದೆ. ಸಮುದ್ರದ ನೀರಿಗೆ ಸಹಜವಾಗಿಯೇ ಸ್ವಲ್ಪ ಕ್ಷಾರಗುಣವಿರುವುದರಿಂದ ಗಂಧಕದ ಆಕ್ಸೈಡನ್ನು ಅದು ಹೀರಿಕೊಳ್ಳುತ್ತದೆ. ಹೊರಬರುವ ಹೊಗೆಯಲ್ಲಿನ ಗಂಧಕ ಶೇ 0.50ರ ಎಣ್ಣೆ ಸುಟ್ಟಾಗ ಬರುವಷ್ಟಕ್ಕೆ ಇಳಿದಿದ್ದರೆ ಹಳೆಯ ಎಣ್ಣೆ ಸುಡಲು ನಿಯಮದಲ್ಲಿಯೇ ಅನುಮತಿಯಿದೆ.

ಪ್ರಶ್ನೆ ಬರುವುದು ತೊಳೆದ ನೀರಿನದು. ‘ಓಪನ್ ಲೂಪ್’ ಮಾದರಿಯಲ್ಲಿ ಆ ನೀರು ಹುಳಿಯಾಗಿ, ಮಸಿ ಮತ್ತು ಭಾರಲೋಹದ ಅಂಶಗಳೊಡನೆ ಮತ್ತೆ ಸಮುದ್ರಕ್ಕೇ ಹೋಗುತ್ತದೆ. ‘ಕ್ಲೋಸ್ಡ್ ಲೂಪ್’ ಮಾದರಿಯಲ್ಲಿ ನೀರನ್ನು ಕ್ಷಾರ ಬೆರೆಸಿ ಮತ್ತೆ ಮತ್ತೆ ಬಳಸಿ, ಬಗ್ಗಡವನ್ನು ಟ್ಯಾಂಕಿನಲ್ಲಿ ಶೇಖರಿಸಿ ಬಂದರಿನಲ್ಲಿ ಇಳಿಸುತ್ತಾರೆ, ಅದು ದುಬಾರಿ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರನ್ನು ಹಳ್ಳಕ್ಕೆ ಬಿಡಬಾರದು, ಸುಣ್ಣ ಹಾಕಿ ಹೊಂಡದಲ್ಲಿ ನಿಲ್ಲಿಸಬೇಕು ಎಂಬ ಶಿಸ್ತನ್ನು ನಾವು ಬೆಳೆಗಾರರು ಕಲಿತದ್ದು ಇದೇ ಕಾರಣಕ್ಕೆ. ಗಾಳಿಯಿಂದ ತೆಗೆದದ್ದನ್ನು ನೀರಿಗೆ ಹಾಕಿದರೆ ನಿಯಮದ ಅಕ್ಷರವನ್ನಷ್ಟೇ ಪಾಲಿಸಿದಂತಾಗುತ್ತದೆ. ಸಿಂಗಪುರ ತನ್ನ ಬಂದರಿನಲ್ಲಿ ಓಪನ್ ಲೂಪ್ ನೀರು ಬಿಡುವುದನ್ನು ನಿಷೇಧಿಸಿದೆ. ಡೆನ್ಮಾರ್ಕ್ ಮತ್ತು ಸ್ವೀಡನ್ 2025ರ ಜುಲೈಯಿಂದ ತಮ್ಮ ಕರಾವಳಿಯ ನೀರಿನಲ್ಲಿ ನಿಷೇಧಿಸಿವೆ. ಈ ಬಾಗಿಲನ್ನು ಎಲ್ಲೆಡೆ ಮುಚ್ಚಬೇಕೆಂಬುದೇ ನನ್ನ ಖಚಿತ ನಿಲುವು. ಎರಡು ವರ್ಷ ಅಂಥ ಹಡಗಿನಲ್ಲಿದ್ದಾಗ, ಪಕ್ಕದ ಕಿಂಡಿಯಿಂದ ಬೀಳುವ ಆ ಬೂದು ನೀರನ್ನು ದಿನವೂ ನೋಡಿದವನು ನಾನು.

ಹಾಗಿದ್ದ ಮಾತ್ರಕ್ಕೆ ಕಡಿಮೆ ಗಂಧಕದ ಎಣ್ಣೆಯಿಂದ ಹಡಗಿನವರಿಗೆ ತೊಂದರೆಯೇ ಇರಲಿಲ್ಲವೆಂದಲ್ಲ. 2020ರಲ್ಲಿ ಬಂದ ಹೊಸ ಮಿಶ್ರಣಗಳಲ್ಲಿ ಒಂದು ಬಂದರಿನದು ಇನ್ನೊಂದು ಬಂದರಿನದರ ಜೊತೆ ಹೊಂದುತ್ತಿರಲಿಲ್ಲ. ಎರಡೂ ಒಂದೇ ಟ್ಯಾಂಕಿನಲ್ಲಿ ಬೆರೆತರೆ ಹಾಲು ಒಡೆದಂತೆ ಗಟ್ಟಿ ಬೇರೆ, ತೆಳು ಬೇರೆಯಾಗಿ ಫಿಲ್ಟರುಗಳು ಕಟ್ಟಿಕೊಳ್ಳುತ್ತಿದ್ದವು. ರಾತ್ರಿಯಿಡೀ ಫಿಲ್ಟರ್ ಬಿಚ್ಚಿ ತೊಳೆದದ್ದಿದೆ. ಹಳೆಯ ಕ್ಷಾರದ ಸಿಲಿಂಡರ್ ಎಣ್ಣೆಯನ್ನೇ ಮುಂದುವರಿಸಿದರೆ, ಕೊಲ್ಲಲು ಆಮ್ಲವೇ ಇಲ್ಲದೆ ಆ ಸುಣ್ಣ ಪಿಸ್ಟನ್ನಿನ ತಲೆಯ ಮೇಲೆ ಗಟ್ಟಿಯಾಗಿ ಕೂಡುತ್ತಿತ್ತು, ಅದನ್ನೂ ಬದಲಿಸಬೇಕಾಯಿತು. ಒಂದೆರಡು ವರ್ಷದಲ್ಲಿ ಕೈ ಪಳಗಿತು.

ಉತ್ತರ: ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಅರಸೀಕೆರೆಯ ಅಣ್ಣ ಹೇಳಿದಂತೆ ಲಿಖಿತವಾಗಿ ಕೇಳಿದೆವು. ಹೊಂದಾಣಿಕೆ ಶುಲ್ಕದ ಆಧಾರ ಶೇ 0.50ರ ಎಣ್ಣೆಯೇ ಎಂದು ಉತ್ತರ ಬಂತು. ಹಾಗಾದರೆ ಎರಡನೆಯ ಸಾಲು ಮಂಗಳೂರಿನಿಂದಲೇ ಏಕೆ ಆರಂಭವಾಗಿದೆಯೆಂದು ಮತ್ತೆ ಕೇಳಿದಾಗ, ಒಂಬತ್ತು ದಿನದ ನಂತರ ತಿದ್ದಿದ ಬಿಲ್ಲು ಕಳುಹಿಸಿದರು. ಆ ಸಾಲು ಈಗ ಮೂರನೆಯ ಒಂದು ಭಾಗಕ್ಕೆ ಇಳಿದಿದೆ. ಉಳಿದದ್ದನ್ನು ಮನಃಪೂರ್ವಕವಾಗಿ ಕೊಡುತ್ತೇವೆ.

ನನ್ನ ಕೊನೆಯ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ. ನಮ್ಮ ಕಾಫಿ ಇಟಲಿಯ ಹತ್ತಿರ ಹೋದಾಗ ಹಡಗು ಒಳ್ಳೆಯ ಎಣ್ಣೆಗೆ ಬದಲಾಗುತ್ತದೆ. ಪಣಂಬೂರಿನಲ್ಲಿ ನಿಂತಾಗ?

ಉತ್ತರ: ಹಾಸನದ ರಸಾಯನಶಾಸ್ತ್ರ ಉಪನ್ಯಾಸಕಿ

ಪಣಂಬೂರಿನಲ್ಲಿ ಅನ್ವಯಿಸುವುದು ಜಾಗತಿಕ ಮಿತಿ, ಶೇ 0.50. ಭಾರತದ ಕರಾವಳಿ ಬಿಗಿ ವಲಯವಾಗಿ ಘೋಷಣೆಯಾಗಿಲ್ಲ. ಅಂದರೆ ಟ್ರಿಯೆಸ್ಟೆಯ ಧಕ್ಕೆಯಲ್ಲಿ ನಿಂತ ಹಡಗು ಕಿಲೋಗೆ 1 ಗ್ರಾಂ ಗಂಧಕದ ಎಣ್ಣೆ ಸುಡಬೇಕು. ಅದೇ ಹಡಗು ಬೈಕಂಪಾಡಿ, ಸುರತ್ಕಲ್‌ಗಳ ಮಗ್ಗುಲಲ್ಲಿ ನಿಂತಾಗ 5 ಗ್ರಾಂನದನ್ನು ಸುಡಬಹುದು. ಅಲ್ಲಿಯ ಶ್ವಾಸಕೋಶಕ್ಕೂ ಇಲ್ಲಿಯ ಶ್ವಾಸಕೋಶಕ್ಕೂ ವ್ಯತ್ಯಾಸವಿಲ್ಲ.

ಇದನ್ನು ಬದಲಿಸಲು ಎರಡು ದಾರಿಗಳಿವೆ. ಬಿಗಿ ವಲಯವನ್ನು ಐಎಂಒ ತಾನಾಗಿ ಗುರುತಿಸುವುದಿಲ್ಲ. ಕರಾವಳಿಯ ದೇಶವೇ, ಅಥವಾ ನೆರೆಯ ದೇಶಗಳು ಒಟ್ಟಾಗಿ, ಜನಸಂಖ್ಯೆ, ಗಾಳಿಯ ದಿಕ್ಕು, ಹಡಗುಗಳ ದಟ್ಟಣೆ, ವೆಚ್ಚ ಎಲ್ಲದರ ವಿವರದೊಂದಿಗೆ ಪ್ರಸ್ತಾವ ಸಲ್ಲಿಸಬೇಕು. ಮೆಡಿಟರೇನಿಯನ್ ದೇಶಗಳು ಮಾಡಿದ್ದು ಅದನ್ನೇ. ಎರಡನೆಯ ದಾರಿ ಚಿಕ್ಕದು: ಬಂದರಿನಲ್ಲಿ ನಿಂತಾಗ ಮಾತ್ರ ಬಿಗಿ ಮಿತಿ. ಯುರೋಪಿಯನ್ ಒಕ್ಕೂಟ 2010ರಿಂದಲೇ, ಎರಡು ಗಂಟೆಗಿಂತ ಹೆಚ್ಚು ನಿಲ್ಲುವ ಹಡಗುಗಳಿಗೆ ಶೇ 0.10 ವಿಧಿಸಿದೆ. ದಕ್ಷಿಣ ಕೊರಿಯಾ ತನ್ನ ಮುಖ್ಯ ಬಂದರುಗಳಲ್ಲಿ 2020ರ ಸೆಪ್ಟೆಂಬರಿನಲ್ಲಿ ಹೀಗೆಯೇ ಆರಂಭಿಸಿ, 2022ರಲ್ಲಿ ಸುತ್ತಲಿನ ನೀರಿಗೂ ವಿಸ್ತರಿಸಿತು. ನಮ್ಮಲ್ಲಿ 2023ರಲ್ಲಿ ಕೇಂದ್ರ ಸರ್ಕಾರ ‘ಹರಿತ್ ಸಾಗರ್’ ಎಂಬ ಹಸಿರು ಬಂದರು ಮಾರ್ಗಸೂಚಿ ಹೊರಡಿಸಿದೆ. ಧಕ್ಕೆಯಲ್ಲಿ ನಿಂತ ಹಡಗಿಗೆ ದಡದಿಂದಲೇ ವಿದ್ಯುತ್ ಕೊಟ್ಟು ಅದರ ಎಂಜಿನ್ನುಗಳನ್ನು ನಿಲ್ಲಿಸುವ ವಿಚಾರವೂ ಅದರಲ್ಲಿದೆ. ಹಾಗಾಗಿ ನಾವು ಕೇಳುವುದು ಹೊಸದೇನೂ ಆಗುವುದಿಲ್ಲ.

ಉತ್ತರ: ಬೇಲೂರಿನ ಬೆಳೆಗಾರ

ಶುಲ್ಕ ನಮ್ಮದು, ಗಾಳಿ ಅವರದು ಎಂಬುದೇ ನನ್ನ ಸಂಕಟವಾಗಿತ್ತು. ನನ್ನ ತಂಗಿಯನ್ನು ಕೊಟ್ಟಿರುವುದು ಕುಳಾಯಿಗೆ. ಬಂದರಿನಿಂದ ಅವರ ಮನೆಗೆ ಹೆಚ್ಚು ದೂರವಿಲ್ಲ. ಕಿಲೋಗೆ 21 ಪೈಸೆ ಆ ಕಡೆಗೂ ಈ ಕಡೆಗೂ ಖರ್ಚಾಗುವುದಾದರೆ ನಾನು ನಲವತ್ತೆರಡು ಪೈಸೆ ಕೊಡಲು ಸಿದ್ಧ. ಮೂಡಿಗೆರೆಯವರು ಮನವಿ ಬರೆಯುವುದಾದರೆ ನನ್ನ ಸಹಿಯನ್ನೂ ಸೇರಿಸಿಕೊಳ್ಳಿ.

ಉತ್ತರ: ಮೂಡಿಗೆರೆಯ ಬೆಳೆಗಾರ

ಬರೆಯುತ್ತಿದ್ದೇವೆ. ನವಮಂಗಳೂರು ಬಂದರು ಪ್ರಾಧಿಕಾರಕ್ಕೆ ಒಂದು ಪ್ರತಿ, ನೌಕಾಯಾನ ಮಹಾನಿರ್ದೇಶಕರಿಗೆ ಒಂದು ಪ್ರತಿ. ಧಕ್ಕೆಯಲ್ಲಿ ನಿಂತ ಹಡಗುಗಳಿಗೆ ಶೇ 0.10ರ ಮಿತಿ, ಬಂದರಿನ ನೀರಿಗೆ ಸ್ಕ್ರಬ್ಬರ್ ನೀರನ್ನು ಬಿಡದಂತೆ ನಿಷೇಧ, ಇವೆರಡೇ ಬೇಡಿಕೆ. ನಮ್ಮ ಹನ್ನೊಂದು ಮಂದಿಯಲ್ಲಿ ಒಂಬತ್ತು ಮಂದಿ ಸಹಿ ಹಾಕಿದ್ದಾರೆ. ಉಳಿದಿಬ್ಬರು, ಧಕ್ಕೆಗೆ ಬರುವ ಮೊದಲು ಹೊರಗೆ ಲಂಗರು ಹಾಕಿ ಕಾಯುವ ಹಡಗುಗಳ ಮಾತು ಇದರಲ್ಲಿಲ್ಲ, ಅದನ್ನೂ ಸೇರಿಸಿದ ಮೇಲೆಯೇ ಸಹಿ ಎನ್ನುತ್ತಿದ್ದಾರೆ. ಸೇರಿಸಬೇಕೇ, ಎಂಜಿನಿಯರ್ ಸರ್?

ಉತ್ತರ: ಸಕಲೇಶಪುರದ ನಿವೃತ್ತ ಮೆರೈನ್ ಎಂಜಿನಿಯರ್

ಖಂಡಿತ ಸೇರಿಸಿ. ಲಂಗರು ಹಾಕಿದಾಗ ನಿಲ್ಲುವುದು ಮುಖ್ಯ ಎಂಜಿನ್ ಮಾತ್ರ. ದೀಪ, ಪಂಪು, ಶೀತಲ ಕಂಟೇನರುಗಳಿಗೆಂದು ಜನರೇಟರುಗಳೂ, ಎಣ್ಣೆ ಬೆಚ್ಚಗಿಡಲು ಬಾಯ್ಲರೂ ಹಗಲಿರುಳು ಉರಿಯುತ್ತಲೇ ಇರುತ್ತವೆ. ಧಕ್ಕೆ ಖಾಲಿಯಾಗಲೆಂದು ಹೊರಗೆ ಐದು ದಿನ ಕಾದು, ಒಳಗೆ ಬಂದು ಒಂದೂವರೆ ದಿನದಲ್ಲಿ ಸರಕು ಇಳಿಸಿ ಹೋದ ಹಡಗುಗಳಲ್ಲಿ ನಾನೇ ಕೆಲಸ ಮಾಡಿದ್ದೇನೆ. ಮಧ್ಯಾಹ್ನದ ಮೇಲೆ ಸಮುದ್ರದ ಗಾಳಿ ದಡದ ಕಡೆಗೇ ಬೀಸುತ್ತದೆ. ‘ಧಕ್ಕೆಯಲ್ಲಿ ಹಾಗೂ ಬಂದರಿನ ಲಂಗರು ಪ್ರದೇಶದಲ್ಲಿ’ ಎಂದು ತಿದ್ದಿ. ಆ ಇಬ್ಬರಿಗೆ ನನ್ನ ನಮಸ್ಕಾರ ತಿಳಿಸಿ.